ಪದ ಪರಿಚಯ: ಬೆಳೆ ರಕ್ಷಣೆ ಲೈಸೆನ್ಸ್

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಳೇ ತೋಟಿಗರ ಮನೆಯಲ್ಲಿ ಒಂದು ಕೋವಿ ಇರುವುದು ಹೊಸ ವಿಷಯವೇನಲ್ಲ. ಅದರ ಜೊತೆ ಒಂದು ಸಣ್ಣ ಪುಸ್ತಕವೂ ಇರುತ್ತದೆ. ಅದರಲ್ಲಿ ಯಜಮಾನರ ಫೋಟೊ, ಕೋವಿಯ ನಂಬರು, ನವೀಕರಣದ ಸೀಲುಗಳು. ಊರಲ್ಲಿ ಅದಕ್ಕೆ ಕೋವಿ ಲೈಸೆನ್ಸ್ ಅಂತಲೇ ಹೆಸರು. ಸರ್ಕಾರದ ಕಾಗದದಲ್ಲಿ ಅದು ಬೆಳೆ ರಕ್ಷಣೆಗೆಂದು ಕೊಟ್ಟ ಆಯುಧ ಪರವಾನಗಿ. ಇದನ್ನು ಇಟ್ಟುಕೊಂಡವರಲ್ಲಿ ಬಹಳ ಜನ, ಬೆಳೆ ತಿನ್ನಲು ಬಂದ ಪ್ರಾಣಿಯನ್ನು ಹೊಡೆಯುವ ಹಕ್ಕೂ ಇದರಲ್ಲೇ ಬಂತು ಎಂದು ತಿಳಿದಿದ್ದಾರೆ. "ತೋಟ ನಮ್ದು, ಕೋವಿ ನಮ್ದು, ಲೈಸೆನ್ಸೂ ಇದ್ದು. ಬಂದ ಹಂದಿ ಹೊಡದ್ರೆ ಎಂತಾ ತಪ್ಪು?" ಎಂಬ ಮಾತು ನಮ್ಮ ಕಡೆ ಯಾವ ಮದುವೆಮನೆ ಜಗಲಿಯಲ್ಲಿ ಕೂತರೂ ಕೇಳುತ್ತದೆ.

ತಪ್ಪು ಇದೆ. ಜೈಲಿನವರೆಗೂ ಹೋಗುವಂಥ ತಪ್ಪು. ಯಾಕೆ ಅಂತ ಗೊತ್ತಾಗಬೇಕಾದರೆ ಎರಡು ಬೇರೆ ಬೇರೆ ಕಾನೂನುಗಳನ್ನು ಬಿಡಿಸಿ ನೋಡಬೇಕು. ಕೋವಿಗೆ ಒಂದು ಕಾನೂನು, ಪ್ರಾಣಿಗೆ ಇನ್ನೊಂದು.

ಕೋವಿಯದ್ದು 1959ರ ಆಯುಧ ಕಾಯ್ದೆ. ಅದರ 13ನೇ ಕಲಂನಲ್ಲಿ ಬೆಳೆ ರಕ್ಷಣೆಯ ಮಾತು ನೇರವಾಗಿಯೇ ಬರುತ್ತದೆ. ನಿಜವಾಗಿ ಬೆಳೆ ಕಾಯಲು ಬೇಕು ಎನ್ನುವವರಿಗೆ ಮೊದಲು ಸಿಗುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ. ಅಂದರೆ ನಮ್ಮ ಕೇಪಿನ ಕೋವಿ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಕನಿಷ್ಠ 20 ಇಂಚು ನಳಿಗೆಯ ತೋಟೆ ಕೋವಿಗೆ ಲೈಸೆನ್ಸ್ ಕೊಡಬಹುದು. ಬೆಳೆ ಕಾಯಲು ರೈಫಲ್ ಕೊಡುವ ಮಾತು ಈ ಕಲಂನಲ್ಲಿಲ್ಲ.

ಕೇಪಿನ ಕೋವಿ ತುಂಬುವುದನ್ನು ನೋಡಿದವರಿಗೆ ಅದರ ಮಿತಿ ಗೊತ್ತು. ಕೋವಿಯನ್ನು ನೆಟ್ಟಗೆ ನಿಲ್ಲಿಸಿ ಬಾಯಿಗೆ ಮದ್ದು ಸುರಿಯಬೇಕು. ಮೇಲಿಂದ ತೆಂಗಿನ ನಾರು ತುರುಕಿ ಗಜದಿಂದ ಗುದ್ದಬೇಕು. ಆಮೇಲೆ ಚರೆ, ಅದು ಉದುರದಂತೆ ಮತ್ತೆ ಒಂದು ಮುದ್ದೆ ನಾರು. ಕೊನೆಗೆ ಕುದುರೆ (ಸುತ್ತಿಗೆಯಂತೆ ಬಡಿಯುವ ಭಾಗ) ಎತ್ತಿ, ಕೆಳಗೆ ಕೇಪು, ಅಂದರೆ ಮದ್ದಿಗೆ ಕಿಡಿ ಕೊಡುವ ಸಣ್ಣ ಟೊಪ್ಪಿ, ಕೂರಿಸಬೇಕು. ಇಷ್ಟು ಮಾಡಿದರೆ ಒಂದು ಈಡು. ಮಳೆಗಾಲದಲ್ಲಿ ಮದ್ದು ಥಂಡಿಯಾದರೆ ಅದೂ ಇಲ್ಲ, ಕೇಪು 'ಟಪ್' ಅಂದು ಸುಮ್ಮನಾಗುತ್ತದೆ. ಇದರ ದೊಡ್ಡ ಕೆಲಸ ಮೊದಲಿಂದಲೂ ಸದ್ದೇ. ರಾತ್ರಿ ಮಾಳದಲ್ಲಿ (ಬೆಳೆ ಕಾಯುವ ಅಟ್ಟಣಿಗೆಯಲ್ಲಿ) ಕೂತು ಒಂದು ಈಡು ಬಿಟ್ಟರೆ ಗದ್ದೆಗಿಳಿದ ಹಂದಿ ಹಿಂಡು ಆ ದಿನಕ್ಕೆ ಬೇರೆ ದಾರಿ ಹಿಡಿಯುತ್ತದೆ.

ಲೈಸೆನ್ಸ್ ಕೊಡುವುದು ಜಿಲ್ಲಾ ದಂಡಾಧಿಕಾರಿ, ಅಂದರೆ ಕಾರವಾರದಲ್ಲಿ ಕೂರುವ ಡಿಸಿ. ಪೊಲೀಸ್ ವರದಿ ಬೇಕು. ಹಿಂದೆ ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು. 2019ರ ತಿದ್ದುಪಡಿಯ ನಂತರ ಅವಧಿ ಐದು ವರ್ಷವಾಗಿದೆ. ಅದೇ ತಿದ್ದುಪಡಿಯಲ್ಲಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಇವೆಲ್ಲ ಕೋವಿಯ ಮಾತು. ಯಾವ ಪ್ರಾಣಿಯನ್ನು ಹೊಡೆಯಬಹುದು ಎಂಬುದು ಇಲ್ಲಿ ತೀರ್ಮಾನವಾಗುವುದಿಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಸೇರಿದ್ದು.

ಊರಿನ ಹಿರಿಯರು 'ಶಿಕಾರಿ ಲೈಸೆನ್ಸ್' ಅಂತ ಒಂದಿತ್ತು ಅನ್ನುತ್ತಾರಲ್ಲ, ಅದು ಸುಳ್ಳಲ್ಲ. 1972ರ ಕಾಯ್ದೆ ಬಂದಾಗ ಅದರಲ್ಲೇ ಬೇಟೆ ಲೈಸೆನ್ಸ್‌ಗಳಿದ್ದವು. ದೊಡ್ಡ ಪ್ರಾಣಿಗೆ ಒಂದು, ಸಣ್ಣದಕ್ಕೆ ಒಂದು, ಹಿಡಿಯುವುದಕ್ಕೆ ಇನ್ನೊಂದು, ಹೀಗೆ. 1991ರ ತಿದ್ದುಪಡಿ ಅವನ್ನೆಲ್ಲ ತೆಗೆದುಹಾಕಿತು. ಅಲ್ಲಿಂದ ಈಚೆಗೆ ಷೋಕಿಗಾಗಲೀ ಮಾಂಸಕ್ಕಾಗಲೀ ಬೇಟೆಯಾಡಲು ಕೊಡುವ ಲೈಸೆನ್ಸ್ ಎಂಬುದೇ ಇಲ್ಲ. ಅಜ್ಜನ ಕಾಲದ ನೆನಪನ್ನು ಹಿಡಿದುಕೊಂಡು ಮೊಮ್ಮಗ ಕಾಡಿಗೆ ನುಗ್ಗಿದರೆ ಸಿಕ್ಕಿಬೀಳುವುದು ಹೀಗೆಯೇ.

ಈಗ ವನ್ಯಜೀವಿ ಕಾಯ್ದೆಯ 9ನೇ ಕಲಂ ಒಂದೇ ಮಾತಲ್ಲಿ ಬೇಟೆಯನ್ನು ನಿಷೇಧಿಸುತ್ತದೆ. ಬೇಟೆ ಎಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ವಿಷ ಇಡುವುದು, ಉರುಳು ಹಾಕುವುದು, ಬಲೆ ಬೀಸುವುದು, ತಿಂಡಿ ಇಟ್ಟು ಸೆಳೆಯುವುದು, ಗಾಯ ಮಾಡುವುದು ಎಲ್ಲವೂ ಬೇಟೆಯೇ. ನಾಯಿ ಬಿಟ್ಟು, ಕೂಗು ಹಾಕಿ ಪ್ರಾಣಿಯನ್ನು ಒಂದು ಕಡೆಗೆ ಅಟ್ಟುವ ಸೋವು ಕೂಡ. ಬಲೆಗೆ ಬೀಳದೆ ತಪ್ಪಿಸಿಕೊಂಡು ಹೋದರೂ ಪ್ರಯತ್ನ ಮಾಡಿದ್ದೇ ಅಪರಾಧ. ಬೇಲಿಗೆ ಮನೆಯ ಕರೆಂಟು ಕೊಡುವುದಂತೂ ಎರಡೆರಡು ಕಾನೂನಿಗೆ ಸಿಕ್ಕುವ ಕೆಲಸ. ಹಂದಿಗೆಂದು ಸಿಡಿಮದ್ದಿನ ಉಂಡೆ ಇಡುವವರಿದ್ದಾರೆ. ಅದನ್ನು ಕಚ್ಚಿ ಬಾಯಿ ಛಿದ್ರವಾಗಿ, ಮೇವು ತಿನ್ನಲಾಗದೆ ಸಾಯುವುದು ಎಷ್ಟೋ ಸಲ ಪಕ್ಕದ ಮನೆಯ ದನ. ಇದಕ್ಕಿಂತ ಕ್ರೂರವಾದದ್ದು ನನಗೆ ಕಾಣುವುದಿಲ್ಲ.

"ಆದರೆ ಜಮೀನು ನಮ್ಮದಲ್ವಾ?" ಎಂಬ ಪ್ರಶ್ನೆಗೆ ಬರೋಣ. ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ. ಬೇರೆ ದೇಶಗಳಲ್ಲಿ ಇದಕ್ಕೆ ಬೇರೆ ಉತ್ತರವೂ ಇದೆ. ಅಮೆರಿಕದ ಒಹಾಯೊ, ಕೆಂಟಕಿಯಂಥ ರಾಜ್ಯಗಳಲ್ಲಿ ಅಲ್ಲಿಯದೇ ನಿವಾಸಿ ತನ್ನ ಸ್ವಂತ ಜಮೀನಿನಲ್ಲಿ ಬೇಟೆಯಾಡಲು ಬೇಟೆ ಲೈಸೆನ್ಸ್ ಕೊಳ್ಳಬೇಕಾಗಿಲ್ಲ. ಅಲ್ಲಿಯೂ ಅವನು ಮನಸ್ಸಿಗೆ ಬಂದ ಹಾಗೆ ಹೊಡೆಯುವಂತಿಲ್ಲ. ಯಾವ ತಿಂಗಳು, ಯಾವ ಪ್ರಾಣಿ, ಎಷ್ಟು ಎಂಬ ನಿಯಮಗಳು ಅವನಿಗೂ ಇವೆ. ಯೂಟ್ಯೂಬಲ್ಲಿ ಅಂಥ ವಿಡಿಯೊ ನೋಡಿ ನಮ್ಮಲ್ಲೂ ಹೀಗೇ ಇರಬೇಕು ಎಂದುಕೊಳ್ಳುವ ಹುಡುಗರಿದ್ದಾರೆ. ನಮ್ಮ ಕಾಯ್ದೆಯಲ್ಲಿ ಜಮೀನಿನ ಮಾಲೀಕನಿಗೆ ಅಂಥ ವಿನಾಯಿತಿ ಇಲ್ಲವೇ ಇಲ್ಲ. ಪಹಣಿಯಲ್ಲಿ ನಿಮ್ಮ ಹೆಸರಿದ್ದರೆ ಅಡಿಕೆ ಮರ ನಿಮ್ಮದು, ಬಾಳೆ ನಿಮ್ಮದು. ಅಲ್ಲಿ ಅಗೆಯುತ್ತಿರುವ ಹಂದಿ ನಿಮ್ಮದಲ್ಲ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. 'ನಮ್ಮ ಜಮೀನು' ಎನ್ನುವಾಗ ನಾವು ಮಾಲ್ಕಿ ತೋಟವನ್ನೂ ಹೇಳುತ್ತೇವೆ, ಅದಕ್ಕೆ ತಾಗಿದ ಸೊಪ್ಪಿನ ಬೆಟ್ಟವನ್ನೂ ಹೇಳುತ್ತೇವೆ. ಬೆಟ್ಟದಲ್ಲಿ ನಮಗಿರುವುದು ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಸವಲತ್ತು. ಭೂಮಿ ಅರಣ್ಯದ್ದು. ಅತಿಕ್ರಮಣದ ಗದ್ದೆಯ ಕಥೆಯೂ ಹೆಚ್ಚುಕಡಿಮೆ ಅಷ್ಟೇ. ತೋಟದ ಅಂಚಿನ ಅಗಳ ದಾಟಿ ಬೆಟ್ಟಕ್ಕೆ ಕೋವಿ ಹಿಡಿದು ಹತ್ತಿದರೆ, ಬೆಳೆ ಕಾಯುತ್ತಿದ್ದೆ ಎಂಬ ಮಾತಿಗೆ ಅಲ್ಲಿ ಆಧಾರ ಸಿಗುವುದು ಕಷ್ಟ.

ಹಾಗಾದರೆ ಬೆಳೆ ಹಾಳುಮಾಡುವ ಪ್ರಾಣಿಯನ್ನು ಹೊಡೆಯಲು ದಾರಿಯೇ ಇಲ್ಲವಾ? ಇದೆ, ಸಣ್ಣದೊಂದು. ಅದೇ ವನ್ಯಜೀವಿ ಕಾಯ್ದೆಯ 11ನೇ ಕಲಂ. ಪ್ರಾಣಿಗಳನ್ನು ಕಾಯ್ದೆ ಷೆಡ್ಯೂಲ್‌ಗಳಾಗಿ, ಅಂದರೆ ಪಟ್ಟಿಗಳಾಗಿ, ವಿಂಗಡಿಸಿದೆ. 2022ರ ತಿದ್ದುಪಡಿ ಹಳೆಯ ಆರು ಷೆಡ್ಯೂಲ್‌ಗಳನ್ನು ನಾಲ್ಕಕ್ಕೆ ಇಳಿಸಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಪ್ರಾಣಿಗಳ ಮಟ್ಟಿಗೆ ನಮಗೆ ಮುಖ್ಯ ಮೊದಲ ಎರಡು. ಕಾಡುಹಂದಿ ಇರುವುದು ಎರಡನೇ ಷೆಡ್ಯೂಲ್‌ನಲ್ಲಿ. ಎರಡನೆಯದರ ಪ್ರಾಣಿ ಮನುಷ್ಯರ ಜೀವಕ್ಕೆ ಅಥವಾ ಆಸ್ತಿಗೆ ಅಪಾಯವಾಗಿದೆ ಎಂದು ಮನವರಿಕೆಯಾದರೆ, ಮುಖ್ಯ ವನ್ಯಜೀವಿ ಪರಿಪಾಲಕರು (ವನ್ಯಜೀವಿ ವಿಷಯದಲ್ಲಿ ರಾಜ್ಯದ ಹಿರಿಯ ಅರಣ್ಯಾಧಿಕಾರಿ) ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಹೊಡೆಯಲು ಅನುಮತಿ ಕೊಡಬಹುದು. ಆಸ್ತಿ ಎಂಬಲ್ಲಿ 'ನಿಂತ ಬೆಳೆ'ಯನ್ನೂ ಕಾಯ್ದೆ ಸೇರಿಸಿದೆ. ಅನುಮತಿ ಬರವಣಿಗೆಯಲ್ಲಿರಬೇಕು, ಕಾರಣ ಬರೆದಿರಬೇಕು, ಜಾಗ ಗುರುತಿಸಿರಬೇಕು. ಗಾರ್ಡ್ ಬಾಯಿಮಾತಲ್ಲಿ "ಹೊಡೀರಿ ಮಾರಾಯ್ರೆ, ನಾ ನೋಡ್ಕತ್ತೆ" ಅಂದದ್ದು ಅನುಮತಿಯಲ್ಲ.

ಮೊದಲ ಷೆಡ್ಯೂಲ್‌ನ ಪ್ರಾಣಿಗೆ ಈ ದಾರಿಯೂ ಮುಚ್ಚಿದೆ. ಅಲ್ಲಿ ಬೆಳೆಯ ಮಾತೇ ಬರುವುದಿಲ್ಲ. ಮನುಷ್ಯರ ಜೀವಕ್ಕೆ ಅಪಾಯವಾಗಿದ್ದರೆ, ಇಲ್ಲವೇ ಪ್ರಾಣಿ ಗುಣವಾಗದ ರೋಗಕ್ಕೋ ಗಾಯಕ್ಕೋ ಸಿಕ್ಕಿದ್ದರೆ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಆದೇಶ ಕೊಡಬಹುದು. ಅದರಲ್ಲೂ ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆ ಸಾಗಿಸಲು ಆಗುವುದೇ ಇಲ್ಲ ಎಂದಾದ ಮೇಲೆ ಕೊಲ್ಲುವ ಮಾತು. ಈ ಪಟ್ಟಿಯಲ್ಲಿ ಯಾರ್ಯಾರಿದ್ದಾರೆ ನೋಡಿ. ಒಂದೇ ರಾತ್ರಿಯಲ್ಲಿ ಸಾಲು ಅಡಿಕೆ ಸಸಿ ಮುರಿದುಹಾಕುವ ಕಾಡುಕೋಣ. ಬಿತ್ತಿದ ಗದ್ದೆಗೆ ಇಳಿಯುವ ನವಿಲು. ಎಳೆ ಅಡಿಕೆ ಚೀಪಿ ಬುಡದಲ್ಲಿ ಚೆಲ್ಲುವ ನಮ್ಮ ಸಾಮಾನ್ಯ ಮಂಗವೂ 2022ರ ತಿದ್ದುಪಡಿಯಲ್ಲಿ ಮೊದಲ ಷೆಡ್ಯೂಲ್ ಸೇರಿತು. ತೋಟಿಗರಿಗೆ ದಿನಬೆಳಗಾದರೆ ಕಾಟ ಕೊಡುವ ಮೂರೂ, ಕೋವಿ ಎತ್ತುವಂತಿಲ್ಲದ ಪಟ್ಟಿಯಲ್ಲಿವೆ. ಇದನ್ನು ಓದಿದಾಗ ರೈತನಿಗೆ ಹೊಟ್ಟೆ ಉರಿಯುತ್ತದೆ ಎಂದರೆ ಅವನನ್ನು ದೂರುವುದು ಸರಿಯಲ್ಲ. ಮಂಗ ತಿಂದುಹಾಕಿದ ಫಸಲನ್ನು ಕಣ್ಣಾರೆ ಕಂಡವರಿಗೆ ಆ ನೋವು ಗೊತ್ತು.

ಜೀವ ಉಳಿಸಿಕೊಳ್ಳುವ ಪ್ರಶ್ನೆ ಬೇರೆ. ಹಂದಿಯೋ ಕರಡಿಯೋ ಮೈಮೇಲೆ ಎರಗಿದಾಗ, ತನ್ನನ್ನು ಅಥವಾ ಇನ್ನೊಬ್ಬರನ್ನು ಉಳಿಸಲು ಒಳ್ಳೆಯ ಉದ್ದೇಶದಿಂದ ಹೊಡೆದರೆ ಅದು ಅಪರಾಧವಲ್ಲ. ಇಲ್ಲಿ ಒಂದು ಕೊಂಡಿ ಇದೆ. ಆ ಹೊತ್ತಿಗೆ ನೀವೇ ಕಾಯ್ದೆ ಮೀರುವ ಕೆಲಸದಲ್ಲಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ಶಿಕಾರಿಗೆ ಹೋಗಿ, ಗಾಯಗೊಂಡ ಹಂದಿ ತಿರುಗಿಬಿತ್ತು ಅದಕ್ಕೇ ಕೊಂದೆ ಎಂದರೆ ನಡೆಯದು.

ಇನ್ನು ಮಾಂಸ. ಅನುಮತಿ ಪಡೆದೇ ಹೊಡೆದಿರಲಿ, ಜೀವ ಉಳಿಸಿಕೊಳ್ಳಲು ಹೊಡೆದಿರಲಿ, ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಕೈಗೆ ಬಂದ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರವುಳ್ಳ ಅಧಿಕಾರಿಗೋ ತಿಳಿಸಬೇಕು. ಪಾಲು ಹಂಚಿಕೊಂಡವರೂ ಕೇಸಿಗೆ ಸಿಗುತ್ತಾರೆ. ಮೊದಲ ಷೆಡ್ಯೂಲ್‌ನ ಪ್ರಾಣಿಯಾದರೆ ಶಿಕ್ಷೆ ಮೂರು ವರ್ಷಕ್ಕಿಂತ ಕಡಿಮೆಯಿಲ್ಲ, ಏಳು ವರ್ಷದವರೆಗೆ ಹೋಗಬಹುದು. ದಂಡ ಕನಿಷ್ಠ 25,000 ರೂಪಾಯಿ. ಹಂದಿಯಂಥದ್ದಾದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಜೊತೆಗೆ ಕೋರ್ಟು ಆ ಕೋವಿಯ ಲೈಸೆನ್ಸನ್ನೇ ರದ್ದು ಮಾಡಿಸಿ, ಐದು ವರ್ಷ ಹೊಸದು ಸಿಗದಂತೆ ಮಾಡಬಹುದು.

ಅಭಯಾರಣ್ಯದ ಹತ್ತಿರದವರಿಗೆ ಇನ್ನೊಂದು ನಿಯಮ ಗೊತ್ತಿರಬೇಕು. ಅದರ 10 ಕಿಲೋಮೀಟರ್ ಒಳಗೆ ಕೋವಿ ಇಟ್ಟುಕೊಂಡವರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಲೈಸೆನ್ಸ್ ಬೇಕೆಂದರೆ ಡಿಸಿ ಒಬ್ಬರ ಒಪ್ಪಿಗೆ ಸಾಲದು, ಮುಖ್ಯ ವನ್ಯಜೀವಿ ಪರಿಪಾಲಕರ ಸಮ್ಮತಿ ಮೊದಲೇ ಬೇಕು. ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಮುಂಡಗೋಡದ ಅತ್ತಿವೇರಿ ಪಕ್ಷಿಧಾಮ, ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ ಇವುಗಳ ಸುತ್ತ 10 ಕಿಲೋಮೀಟರ್ ಗೆರೆ ಎಳೆದು ನೋಡಿದರೆ ಜೋಯಿಡಾದಿಂದ ಹೊನ್ನಾವರದ ಒಳಭಾಗದವರೆಗೆ ಎಷ್ಟೋ ಹಳ್ಳಿಗಳು ಅದರೊಳಗೆ ಬರುತ್ತವೆ.

ಕೊಡಗಿನ ಉದಾಹರಣೆ ಕೊಡುವವರೂ ಇದ್ದಾರೆ. ಕೊಡವರಿಗೆ ಮತ್ತು ಜಮ್ಮಾ ಭೂಮಿ (ಅಲ್ಲಿಯ ವಂಶಪಾರಂಪರ್ಯ ಹಿಡುವಳಿ) ಹೊಂದಿದವರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇರುವುದು ಹೌದು. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿತು. ಆ ವಿನಾಯಿತಿ ಕೋವಿಯ ಲೈಸೆನ್ಸ್‌ನಿಂದ ಮಾತ್ರ. ಬೇಟೆ ನಿಷೇಧ ಅವರಿಗೂ ಒಂದೇ.

ನಾವು ನೋಡಬೇಕಾದ ಉದಾಹರಣೆ ಕೇರಳದ್ದು. ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಹೊಡೆಯಲು ಆದೇಶ ಕೊಡುವ ಅಧಿಕಾರವನ್ನು ಅಲ್ಲಿ 2022ರಲ್ಲಿ ಪಂಚಾಯ್ತಿ ಅಧ್ಯಕ್ಷರಂಥ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೇ ಕೊಟ್ಟರು. ಲೈಸೆನ್ಸ್ ಇರುವ ಕೋವಿಯವರನ್ನೇ ಈ ಕೆಲಸಕ್ಕೆ ಕರೆಯುತ್ತಾರೆ. ಸತ್ತ ಹಂದಿಯನ್ನು ಹೂಳುತ್ತಾರೆ, ತಿನ್ನುವಂತಿಲ್ಲ. 11ನೇ ಕಲಂನ ಒಳಗೇ ಇದ್ದು, ಅನುಮತಿಯನ್ನು ರೈತನ ಮನೆ ಬಾಗಿಲ ಹತ್ತಿರ ತಂದ ವ್ಯವಸ್ಥೆ ಅದು. ಹಂದಿ ಬರುವುದು ರಾತ್ರಿ, ಒಂದೆರಡು ದಿನದಲ್ಲಿ ಗದ್ದೆ ಮುಗಿಸುತ್ತದೆ. ಅರ್ಜಿ ಮೇಜಿನಿಂದ ಮೇಜಿಗೆ ಓಡಾಡುವಷ್ಟರಲ್ಲಿ ಕಾಯಲು ಬೆಳೆಯೇ ಉಳಿದಿರುವುದಿಲ್ಲ. ಕಾನೂನಿನಲ್ಲಿ ಇರುವ ದಾರಿ ಕಾಲಕ್ಕೆ ಸರಿಯಾಗಿ ಸಿಕ್ಕರೆ ಕಳ್ಳ ಈಡೂ ಉರುಳೂ ಕಡಿಮೆಯಾಗುತ್ತವೆ ಎಂದೇ ನನ್ನ ನಂಬಿಕೆ. ನಮ್ಮ ಗ್ರಾಮಸಭೆಗಳು ಇದನ್ನು ಠರಾವು ಮಾಡಿ ಕೇಳಬೇಕು.

ಲೈಸೆನ್ಸ್ ಇದ್ದವರಿಗೆ ಬರುವ ಇನ್ನೊಂದು ತಾಪತ್ರಯ ಚುನಾವಣೆ. ನೀತಿಸಂಹಿತೆ ಬಂದ ಕೂಡಲೇ ಕೋವಿ ಠಾಣೆಗೆ ಒಪ್ಪಿಸಿ ಎಂಬ ಸೂಚನೆ ಬರುತ್ತದೆ. ಯಾರ ಕೋವಿ ಇಡಿಸಿಕೊಳ್ಳಬೇಕು ಎಂದು ಪರಿಶೀಲಿಸಲು ಜಿಲ್ಲೆಯಲ್ಲಿ ಸ್ಕ್ರೀನಿಂಗ್ ಸಮಿತಿ ಇರುತ್ತದೆ. ಬೆಳೆ ಕಾಯಲು ಬೇಕೇ ಬೇಕು ಎನ್ನುವವರು ಪಹಣಿ, ಲೈಸೆನ್ಸ್ ಪ್ರತಿ ಇಟ್ಟು ಆ ಸಮಿತಿಗೆ ವಿನಾಯಿತಿ ಅರ್ಜಿ ಕೊಡಬಹುದು. ಕೊನೇ ಗಳಿಗೆವರೆಗೆ ಕಾಯಬೇಡಿ. ಒಪ್ಪಿಸಿದರೆ ರಸೀದಿ ತೆಗೆದುಕೊಳ್ಳಿ.

ಅಜ್ಜನ ಕೋವಿ ಮೊಮ್ಮಗನಿಗೆ ತಾನಾಗಿ ಬರುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಲೈಸೆನ್ಸ್‌ದಾರರು ತೀರಿಕೊಂಡ ಮೇಲೆ ಕೋವಿಯನ್ನು ಅಟ್ಟದ ಮೇಲೆ ಹಾಗೇ ಬಿಟ್ಟರೆ ಅದು ಲೈಸೆನ್ಸ್ ಇಲ್ಲದ ಕೋವಿ. ಠಾಣೆಯಲ್ಲೋ ಪರವಾನಗಿ ಇರುವ ಬಂದೂಕು ಅಂಗಡಿಯಲ್ಲೋ ಇರಿಸಿ, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. 2016ರ ಆಯುಧ ನಿಯಮಗಳಲ್ಲಿ ಸಾವಿಗೆ ಕಾಯದೆಯೂ ಇದನ್ನು ಮಾಡಲು ಅವಕಾಶವಿದೆ. ಯಜಮಾನರಿಗೆ 70 ತುಂಬಿದ್ದರೆ ಅಥವಾ ಅವರು ಕೋವಿ ಇಟ್ಟುಕೊಂಡು 25 ವರ್ಷವಾಗಿದ್ದರೆ, ಅವರು ಇರುವಾಗಲೇ ಮಗನ ಅಥವಾ ಮಗಳ ಹೆಸರಿಗೆ ಲೈಸೆನ್ಸ್ ಕೇಳಬಹುದು.