ಕೀಟನಾಶಕದ ಡಬ್ಬಿ ಮೇಲಿನ ಬಣ್ಣ ಓದುವುದು ಹೇಗೆ?

ನಮ್ಮ ಚಿತ್ರದುರ್ಗದ ಕಡೆ ಕೀಟನಾಶಕವನ್ನು ‘ಔಷಧಿ’ ಅಂತಲೇ ಕರೆಯುತ್ತೇವೆ. ‘ಈರುಳ್ಳಿಗೆ ಔಷಧಿ ಹೊಡೆದ್ರಾ?’ ಅಂತ ಕೇಳುತ್ತೇವೆ. ಕಾನೂನು ಅಂಥ ಹೆಚ್ಚು ಅಪಾಯದ ಡಬ್ಬಿಗಳ ಮೇಲೆ ‘ವಿಷ’ ಅಂತ ಬರೆಸುತ್ತದೆ.

1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಅನ್ನುವ ಕೀಟನಾಶಕ ಬೆರೆತ ಗೋಧಿ ಹಿಟ್ಟು ತಿಂದು ನೂರಕ್ಕೂ ಜಾಸ್ತಿ ಜನ ಸತ್ತರು. ಹಿಟ್ಟು, ವಿಷ ಎರಡೂ ಒಂದೇ ಹಡಗಿನಲ್ಲಿ ಬಂದಿದ್ದವು. ಇದಾದ ಮೇಲೆ ಬಂದದ್ದು 1968ರ ಕೀಟನಾಶಕ ಕಾಯ್ದೆ. ಲೇಬಲ್ ಹೇಗಿರಬೇಕು ಅನ್ನುವುದು 1971ರ ನಿಯಮಗಳಲ್ಲಿದೆ.

ಲೇಬಲ್ ಮುಖದ ಕನಿಷ್ಠ 16ನೇ ಒಂದು ಭಾಗದಷ್ಟು ಜಾಗದಲ್ಲಿ ಓರೆಯಾಗಿ ನಿಲ್ಲಿಸಿದ ಚೌಕ ಇರಬೇಕು. ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಎಲ್ಲಕ್ಕಿಂತ ಅಪಾಯ, ಮೇಲೆ ತಲೆಬುರುಡೆ ಚಿತ್ರವೂ ಇರುತ್ತದೆ. ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು.

ಇದನ್ನು ನಿರ್ಧರಿಸುವುದು ಎಲ್‌ಡಿ 50. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯುವ ಪ್ರಮಾಣ ಅದು. ದೇಹದ ಒಂದು ಕಿಲೋ ತೂಕಕ್ಕೆ ಇಷ್ಟು ಮಿಲಿಗ್ರಾಂ ಅಂತ ಲೆಕ್ಕ. ಬಾಯಿಯ ಮೂಲಕ ಹೋದರೆ 1ರಿಂದ 50 ಕೆಂಪು, 51ರಿಂದ 500 ಹಳದಿ, 501ರಿಂದ 5000 ನೀಲಿ, ಅದಕ್ಕೂ ಮೇಲೆ ಹಸಿರು. ಸಂಖ್ಯೆ ಚಿಕ್ಕದಾದಷ್ಟೂ ವಿಷ ಜಾಸ್ತಿ. ನಾನು ಮೊದಮೊದಲು ಇದನ್ನು ತಿರುಗಾಮುರುಗಾ ಓದಿದ್ದೆ, ನೀವು ಹಾಗೆ ಮಾಡಬೇಡಿ.

ಹಸಿರು ಅಂದ್ರೆ ಏನೂ ಆಗಲ್ಲ ಅಂತ ನಮ್ಮೂರಲ್ಲಿ ತುಂಬ ಜನ ನಂಬಿದ್ದಾರೆ. ಈ ಬಣ್ಣ ಹೇಳುವುದು ಒಮ್ಮೆ ದೇಹಕ್ಕೆ ಸೇರಿದರೆ ಎಷ್ಟು ವಿಷ ಅನ್ನುವುದನ್ನು ಅಷ್ಟೇ. ವರ್ಷಗಟ್ಟಲೆ ಮೈಗೆ ತಾಗಿದರೆ ಏನಾಗುತ್ತದೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಈರುಳ್ಳಿಗೆ ಹೊಡೆಯುವ ಮ್ಯಾಂಕೋಜೆಬ್ ಅನ್ನುವ ಶಿಲೀಂಧ್ರನಾಶಕ ಹಸಿರು ಗುಂಪಿನದು. ಅದಕ್ಕೆ ಯುರೋಪಿಯನ್ ಒಕ್ಕೂಟ 2020ರಲ್ಲಿ ಅನುಮತಿ ಮುಂದುವರಿಸಲಿಲ್ಲ. ಹಾರ್ಮೋನು ಮತ್ತು ಸಂತಾನಶಕ್ತಿಗೆ ಆಗುವ ತೊಂದರೆಯೂ ಅದಕ್ಕೆ ಒಂದು ಕಾರಣ. ಆದ್ದರಿಂದ ಹಸಿರು ಇದ್ದರೂ ಕೈಗವಸು, ಮುಖಕ್ಕೆ ಬಟ್ಟೆ ಬೇಕೇ ಬೇಕು, ಅಲ್ವಾ?

ಕಾರ್ಖಾನೆಯ ರಾಸಾಯನಿಕಗಳಿಗೆ ಬೇರೆ ನಿಯಮ ಇದೆ. ಭೋಪಾಲ್ ದುರಂತ 1984ರಲ್ಲಿ ಆಯಿತು, 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು, ಅದರಡಿ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಬಂದವು. ಅಲ್ಲೂ ಲೇಬಲ್ ಮತ್ತು ಸುರಕ್ಷತಾ ಮಾಹಿತಿ ಹಾಳೆ ಕಡ್ಡಾಯ.

ಖಾಲಿ ಡಬ್ಬಿಯನ್ನು ಒಡೆದು, ಜನವಸತಿಯಿಂದ ದೂರ ಹೂಳಬೇಕು ಅಂತ 1971ರ ನಿಯಮದಲ್ಲಿಯೇ ಇದೆ. ನಮ್ಮ ಚಿಕ್ಕಪ್ಪ ಉಳಿದ ಔಷಧಿಯನ್ನು ಸೋಡಾ ಬಾಟಲಿಗೆ ಸುರಿದು ಅಡುಗೆಮನೆ ಅಟ್ಟದ ಮೇಲೆ ಇಟ್ಟಿದ್ದರು. ತಂಗಿ ಕೈಗೆ ಸಿಗುವ ಮೊದಲೇ ಅಜ್ಜಿ ನೋಡಿದರು. ಆ ಬಾಟಲಿ ಮೇಲೆ ಲೇಬಲ್ಲೇ ಇರಲಿಲ್ಲ.