ಬಯೋಲೀಚಿಂಗ್: ಕಲ್ಲಿನಿಂದ ಇಳಿಯುವ ತಾಮ್ರದ ಡಿಕಾಕ್ಷನ್

ಅಡಿಕೆ ತೋಟದವರಿಗೆ ಈ ಪರೀಕ್ಷೆ ಗೊತ್ತಿರುತ್ತದೆ. ಕೊಳೆರೋಗಕ್ಕೆ ಹೊಡೆಯುವ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಕಲಸಿದ ಮೇಲೆ ಅದರಲ್ಲಿ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಲೆಕ್ಕ. ಆ ಕೆಂಪು ತುಕ್ಕಲ್ಲ, ತಾಮ್ರ. ಮೈಲುತುತ್ತದ ನೀರಿನಲ್ಲಿ ಕರಗಿದ್ದ ತಾಮ್ರ ಕಬ್ಬಿಣದ ಮೇಲೆ ಬಂದು ಕೂತಿದೆ. ಈ ಕತ್ತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಲೀಚಿಂಗ್ ಅಂದರೆ ಗಟ್ಟಿ ವಸ್ತುವಿನಲ್ಲಿ ಇರುವುದನ್ನು ದ್ರವಕ್ಕೆ ಇಳಿಸಿಕೊಳ್ಳುವುದು. ಕಾಫಿಪುಡಿಯ ಮೇಲೆ ಬಿಸಿನೀರು ಸುರಿದು ಡಿಕಾಕ್ಷನ್ ಇಳಿಸುತ್ತೇವಲ್ಲ, ಅದೇ. ಮುಂದೆ 'ಬಯೋ' ಸೇರಿದರೆ, ಇಳಿಸುವ ಕೆಲಸಕ್ಕೆ ಸೂಕ್ಷ್ಮಜೀವಿಗಳು ಕೈ ಹಾಕಿವೆ ಎಂದರ್ಥ.

ಇದು ಬೇಕಾಗುವುದು ಬಡ ಅದಿರಿಗೆ. ಶೇ 0.5ರಷ್ಟು ತಾಮ್ರವಿರುವ ಒಂದು ಟನ್ ಕಲ್ಲಿನಲ್ಲಿ ಸಿಗುವುದು ಹೆಚ್ಚೆಂದರೆ 5 ಕಿಲೋ. ಅಷ್ಟಕ್ಕಾಗಿ ಅದನ್ನೆಲ್ಲ ಹಿಟ್ಟು ಮಾಡಿ, ಕುಲುಮೆಗೆ ಹಾಕಿದರೆ ಖರ್ಚೇ ಜಾಸ್ತಿ. ಹಾಗಾಗಿ ಚಿಲಿಯ ಗಣಿಗಳಲ್ಲಿ ಇಂಥ ಕಲ್ಲನ್ನು ಒಡೆದು, ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಗುಡ್ಡದಂತೆ ರಾಶಿ ಹಾಕುತ್ತಾರೆ. ಮೇಲಿಂದ ತೆಳು ಗಂಧಕಾಮ್ಲವನ್ನು ಥೇಟ್ ನಮ್ಮ ಡ್ರಿಪ್ ನೀರಾವರಿಯಂತೆ ಹನಿಸುತ್ತಾರೆ. ತಿಂಗಳುಗಟ್ಟಲೆ ಬುಡದಿಂದ ನೀಲಿ ನೀರು ಇಳಿಯುತ್ತಿರುತ್ತದೆ.

ರಾಶಿಯೊಳಗೆ ಕೆಲಸ ಮಾಡುವ ಜೀವಿಗಳಲ್ಲಿ ಹೆಸರಾದದ್ದು ಅಸಿಡಿಥಯೋಬ್ಯಾಸಿಲಸ್ ಫೆರೊಆಕ್ಸಿಡಾನ್ಸ್. ನಾಲಿಗೆ ಹೊರಳುವುದು ಕಷ್ಟ, ಅಲ್ವಾ? 1947ರಲ್ಲಿ ಅಮೆರಿಕದ ಕಲ್ಲಿದ್ದಲು ಗಣಿಯ ಹುಳಿನೀರಿನಲ್ಲಿ ಇದನ್ನು ಗುರುತಿಸಿದರು. ನಿಂಬೆರಸದಷ್ಟು ಹುಳಿಯಲ್ಲಿ ಹಾಯಾಗಿರುತ್ತದೆ.

ಇದನ್ನು 'ಲೋಹ ತಿನ್ನುವ ಬ್ಯಾಕ್ಟೀರಿಯಾ' ಅನ್ನುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ತಾಮ್ರ ಅದಕ್ಕೆ ಬೇಕೇ ಇಲ್ಲ. ಅದಿರಿನಲ್ಲಿ ತಾಮ್ರ ಗಂಧಕಕ್ಕೆ ಅಂಟಿಕೊಂಡಿರುತ್ತದೆ. ಆ ಅಂಟು ಬಿಡಿಸುವುದು ನೀರಿನಲ್ಲಿರುವ ಫೆರಿಕ್ ಕಬ್ಬಿಣ. ಬಿಡಿಸಿದ ಮೇಲೆ ಅದು ಸೋತು ಫೆರಸ್ ಎಂಬ ಇನ್ನೊಂದು ರೂಪದ ಕಬ್ಬಿಣ ಆಗುತ್ತದೆ. ಬ್ಯಾಕ್ಟೀರಿಯಾ ಈ ಫೆರಸ್‌ನಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಂಡು ಮತ್ತೆ ಫೆರಿಕ್ ಮಾಡುತ್ತದೆ. ಆಗ ಸಿಗುವ ಶಕ್ತಿಯೇ ಅದರ ಊಟ. ಇಂಗಾಲವನ್ನು ಗಾಳಿಯಿಂದಲೇ ತೆಗೆದುಕೊಳ್ಳುತ್ತದೆ. ಫೆರಿಕ್ ಮತ್ತೆ ಅದಿರಿನ ಮೇಲೆ ಬೀಳುತ್ತದೆ. ಸುಮ್ನೆ ಬಿಟ್ಟರೆ ಅಷ್ಟು ಹುಳಿಯಲ್ಲಿ ಫೆರಸ್ ಫೆರಿಕ್ ಆಗುವುದು ಬಹಳ ನಿಧಾನ. ಬ್ಯಾಕ್ಟೀರಿಯಾ ಸೇರಿದರೆ ಲಕ್ಷಗಟ್ಟಲೆ ಪಟ್ಟು ಚುರುಕು.

ಈಗ ಕತ್ತಿಯ ವಿಷಯ. ಸ್ಪೇನಿನ ರಿಯೊ ಟಿಂಟೊ ಗಣಿಯಲ್ಲಿ 18ನೇ ಶತಮಾನದಲ್ಲೇ ತಾಮ್ರದ ನೀರನ್ನು ಕಬ್ಬಿಣದ ಮೇಲೆ ಹರಿಸಿ, ಅಂಟಿದ ತಾಮ್ರವನ್ನು ಕೆರೆದು ತೆಗೆಯುತ್ತಿದ್ದರು. ತೋಟದಲ್ಲಿ ಅಲಗು ಕೆಂಪಾದರೆ ತಪ್ಪು, ಅಲ್ಲಿ ಅದೇ ಫಸಲು! ನೀರಿಗೆ ತಾಮ್ರ ಇಳಿಸಿಕೊಡುತ್ತಿದ್ದವರು ಯಾರು ಅನ್ನುವುದು ಮಾತ್ರ ಆಗ ಗೊತ್ತಿರಲಿಲ್ಲ. ಈಗ ಕಬ್ಬಿಣದ ಬದಲು ವಿದ್ಯುತ್ ಹರಿಸಿ ತಾಮ್ರದ ಹಾಳೆ ಕೂರಿಸುತ್ತಾರೆ.

ಚಿನ್ನದ್ದು ಉಲ್ಟಾ ಕತೆ. ಅಲ್ಲಿ ಚಿನ್ನ ಕರಗುವುದಿಲ್ಲ, ಅದನ್ನು ಬಚ್ಚಿಟ್ಟುಕೊಂಡ ಪೈರೈಟ್, ಅಂದರೆ ಕಬ್ಬಿಣ-ಗಂಧಕದ ಖನಿಜ, ಕರಗುತ್ತದೆ. ಹೊರಬಿದ್ದ ಚಿನ್ನವನ್ನು ಆಮೇಲೆ ಸಯನೈಡ್‌ನಿಂದ ತೆಗೆಯುತ್ತಾರೆ. ಆದ್ದರಿಂದ ಇದಕ್ಕೆ ಬಯೋಆಕ್ಸಿಡೇಶನ್ ಎಂಬ ಬೇರೆ ಹೆಸರು. ದಕ್ಷಿಣ ಆಫ್ರಿಕಾದ ಫೇರ್‌ವ್ಯೂ ಗಣಿಯಲ್ಲಿ 1986ರಲ್ಲಿ ಶುರುವಾಯಿತು. ನಮ್ಮಲ್ಲೂ ಬೆಂಗಳೂರಿನ ಐಐಎಸ್‌ಸಿಯ ಕೆ.ಎ. ನಟರಾಜನ್ ಹಟ್ಟಿ ಚಿನ್ನದ ಗಣಿಗಾಗಿ ಇದೇ ದಾರಿಯಲ್ಲಿ ಕೆಲಸ ಮಾಡಿದರು.

ತೊಡಕುಗಳೂ ಇವೆ. ಎಲ್ಲಕ್ಕಿಂತ ಹೆಚ್ಚಾಗಿ ಸಿಗುವ ತಾಮ್ರದ ಅದಿರು ಚಾಲ್ಕೋಪೈರೈಟ್, ಅದೇ ಈ ಉಪಾಯಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಇನ್ನೊಂದು, ಈ ಕೆಲಸಕ್ಕೆ ಸ್ವಿಚ್ ಇಲ್ಲ. ಗಣಿ ಮುಚ್ಚಿ ಜನ ಹೋದ ಮೇಲೂ ಮಳೆನೀರು, ಗಾಳಿ, ಪೈರೈಟ್ ಮೂರೂ ಸಿಕ್ಕರೆ ಸಾಕು, ಹುಳಿನೀರು ಇಳಿಯುತ್ತಲೇ ಇರುತ್ತದೆ. ಆಗ ಕೆಳಗೆ ಅದನ್ನು ಹಿಡಿಯಲು ಪ್ಲಾಸ್ಟಿಕ್ ಹಾಸಿರುವುದಿಲ್ಲ, ಹಳ್ಳವಿರುತ್ತದೆ.