ಪಿಯಾನೊ ದಿನಚರಿ: ಲೆಕ್ಕಕ್ಕೆ ಬರಬೇಕಾದದ್ದು ಮೊದಲ ನುಡಿಸಾಣಿಕೆ

ಮಂಜೇಶ್ವರ, ಕುಂಬಳೆ ಕಡೆಯ ಜಗಲಿಗಳಲ್ಲಿ ಮೊರ ಮುಂದಿಟ್ಟುಕೊಂಡು ಬೀಡಿ ಕಟ್ಟುವವರ ಬೆರಳು ನೋಡಿದವರಿಗೆ ಕ್ರಾಸ್‌ಮನ್ನನ ಲೆಕ್ಕ ಬೇಗ ಅರ್ಥವಾಗುತ್ತದೆ. ಕೈಯಿಂದ ನಡೆಸುವ ಯಂತ್ರದಲ್ಲಿ ಸಿಗಾರ್ ಸುತ್ತುವ ಕೆಲಸಗಾರರ ವೇಗವನ್ನು ಈ ಮನೋವಿಜ್ಞಾನಿ 1959ರಲ್ಲಿ ಪ್ರಕಟಿಸಿದ. ಸುಮಾರು ಎರಡು ವರ್ಷದವರೆಗೂ ಅವರ ಕೈ ಚುರುಕಾಗುತ್ತಲೇ ಇತ್ತು, ಆದರೆ ಚುರುಕಾಗುವ ಪ್ರಮಾಣ ಸಣ್ಣದಾಗುತ್ತ ಬಂದಿತ್ತು. ಪಿಯಾನೊ ಕಲಿಯುವವರ ಬೆರಳೂ ಹೀಗೆಯೇ. ಅದು ಕಾಣಬೇಕಾದರೆ ದಿನದ ಅಭ್ಯಾಸವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು.

ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಕೂತರೆ ವರ್ಷಕ್ಕೆ 130 ಗಂಟೆ, ತಿಂಗಳಿಗೆ ಹನ್ನೊಂದರ ಹತ್ತಿರ. 10ರಿಂದ 20ನೇ ಗಂಟೆಯೊಳಗೆ ಆದಷ್ಟು ಸುಧಾರಣೆ ಮತ್ತೊಮ್ಮೆ ಆಗಲು 40ನೇ ಗಂಟೆಯವರೆಗೆ ಕಾಯಬೇಕು, ಅದರ ನಂತರದ್ದಕ್ಕೆ 80ರವರೆಗೆ. ಜೂನ್‌ನಲ್ಲಿ ಶಾಲೆ ತೆರೆಯುವಾಗ ಸುರು ಮಾಡಿದವರಿಗೆ ಓಣಂ ರಜೆ ಕಳೆದ ಮೇಲೆ 'ಕೈ ನಿಂತೇ ಹೋಯಿತು' ಅನ್ನಿಸುವುದು ಇದಕ್ಕೇ. ನಿಂತಿರುವುದಿಲ್ಲ. ಗ್ರಾಫ್ ಹಾಳೆಯ ಅಡ್ಡಗೆರೆಯಲ್ಲಿ 10, 20, 40, 80 ಇವನ್ನು ಸಮದೂರದಲ್ಲಿ ಗುರುತಿಸಿ ವೇಗ ತುಂಬಿಸಿದರೆ, ಚಪ್ಪಟೆಯಾಗಿ ಕಂಡಿದ್ದ ಗೆರೆ ಓರೆಯಾಗಿ ಏರುವುದು ಕಾಣುತ್ತದೆ. ಒಬ್ಬೊಬ್ಬರ ಗೆರೆ ಅಂಕುಡೊಂಕಾಗಿಯೇ ಇರುತ್ತದೆ. ಹೊಸ ಕೃತಿ ಹಿಡಿದರೆ ಹೊಸ ಗೆರೆ ಬೇಕು. (ಯಾವುದರಲ್ಲೂ ಪಳಗಲು ಹತ್ತು ಸಾವಿರ ಗಂಟೆ ಬೇಕೆಂಬ ಪ್ರಸಿದ್ಧ ಮಾತನ್ನು ಇಲ್ಲಿಗೆ ತರಬೇಡಿ. ದಿನವೂ ಅರ್ಧ ಗಂಟೆಯಂತೆ ಅದಕ್ಕೆ 54 ವರ್ಷ ದಾಟುತ್ತದೆ!)

ಆದರೆ ವೇಗವನ್ನು ಅಳೆಯುವುದು ಯಾವಾಗ? ಹೆಚ್ಚಿನವರು ಎಡವುವುದು ಇಲ್ಲೇ. ನಾಲ್ಕು ಬಾರ್‌ಗಳ (ತಾಳದ ನಾಲ್ಕು ಆವರ್ತಗಳ) ಒಂದು ತುಣುಕನ್ನು ಸಂಜೆ ಇಪ್ಪತ್ತು ಸಲ ತಿರುಗಿಸಿ ನುಡಿಸಿ, ಕೊನೆಗೆ ತಾಳ ಬಡಿಯುವ ಮೆಟ್ರೊನೋಮ್ ನಿಮಿಷಕ್ಕೆ 84 ಬಡಿತದಲ್ಲಿರುವಾಗ ತಪ್ಪಿಲ್ಲದೆ ಬಂತೆಂದು 84 ಬರೆದರೆ, ಅದು ಆ ಸಂಜೆಯ ಬಿಸಿ ಕೈಯ ಅಂಕಿ. ಮರುದಿನ ಬೆಳಗ್ಗೆ ಕೂತು, ಸ್ವರಶ್ರೇಣಿಯನ್ನೂ ಮುಟ್ಟದೆ ಅದೇ ತುಣುಕನ್ನು ಒಂದೇ ಸಲ ನುಡಿಸಿ. 66ಕ್ಕೇ ತಡವರಿಸಿದರೆ ನಿಮಗೆ ನಿಜವಾಗಿ ಬರುವುದು ಅಷ್ಟೇ. 1979ರಲ್ಲಿ ಶೀ ಮತ್ತು ಮಾರ್ಗನ್ ಕೈಚಲನೆಗಳ ಮೇಲೆ ನಡೆಸಿದ ಪ್ರಯೋಗದಲ್ಲೂ ಇದೇ ಕಂಡಿತ್ತು. ಮೂರು ಚಲನೆಗಳನ್ನು ಒಂದು ಮುಗಿಸಿ ಇನ್ನೊಂದು ಎಂಬಂತೆ ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿಗೆ ಮುಂದಿದ್ದರು. ಹತ್ತು ದಿನ ಬಿಟ್ಟು ನೋಡಿದಾಗ ಮೂರನ್ನು ಕಲಸಿ ಮಾಡಿದವರ ಕೈಯಲ್ಲೇ ಹೆಚ್ಚು ಉಳಿದಿತ್ತು. ಹಾಗಾಗಿ ಅರ್ಧ ಗಂಟೆಯನ್ನು ಒಂದೇ ತುಣುಕಿಗೆ ಸುರಿಯದೆ, ಮೂರು ತುಣುಕುಗಳನ್ನು ಐದೈದು ನಿಮಿಷದಂತೆ ಎರಡು ಸುತ್ತು ನುಡಿಸಿ. ಸಂಜೆಯ ಅಂಕಿ ಇಳಿಯುತ್ತದೆ, ಬೇಜಾರೂ ಆಗುತ್ತದೆ. ನೋಡಬೇಕಾದದ್ದು ಬೆಳಗಿನ ಅಂಕಿ.

ಪುಸ್ತಕದಲ್ಲಿ ಹೆಚ್ಚು ಕಾಲಂ ಬೇಡ, ಎರಡನೇ ವಾರಕ್ಕೇ ಬರೆಯುವುದು ನಿಂತುಹೋಗುತ್ತದೆ. ತಾರೀಕು, ನಿಮಿಷ, ತುಣುಕು, ಬೆಳಗಿನ ವೇಗ, ತಪ್ಪಿದ ಜಾಗ, ಇಷ್ಟು ಸಾಕು. ಜಾಗವನ್ನು ಬೆರಳ ಸಮೇತ ಬರೆಯಿರಿ. ಸಿ ಮೇಜರ್ ಸ್ವರಶ್ರೇಣಿಯಲ್ಲಿ ಬಲಗೈ 1-2-3 (ಹೆಬ್ಬೆರಳು, ತೋರುಬೆರಳು, ನಡುಬೆರಳು) ಆದ ಮೇಲೆ ಹೆಬ್ಬೆರಳು ನಡುಬೆರಳ ಅಡಿಯಿಂದ ನುಸುಳಿ ಎಫ್ ಹಿಡಿಯಬೇಕು. ತಡವಾಗಿ ಹೊರಟ ಹೆಬ್ಬೆರಳು ಮೊಣಕೈಯನ್ನು ಎತ್ತಿಸುತ್ತದೆ, ಎಫ್ ಧೊಪ್ಪೆಂದು ಜೋರಾಗಿ ಬೀಳುತ್ತದೆ. 'ಮೂರನೇ ಬಾರ್, ಹೆಬ್ಬೆರಳು' ಎಂಬ ಟಿಪ್ಪಣಿ ವಾರದಲ್ಲಿ ನಾಲ್ಕು ಸಲ ಬಂದರೆ ಇಡೀ ಕೃತಿ ನುಡಿಸಬೇಕಾಗಿಲ್ಲ, ಇ-ಎಫ್ ಎಂಬ ಎರಡೇ ಕೀ ತಿದ್ದಿದರಾಯಿತು. ತಿಂಗಳಿಗೊಮ್ಮೆ ಅದೇ ತುಣುಕನ್ನು, ಅದೇ ವೇಗದಲ್ಲಿ, ಫೋನನ್ನು ಅದೇ ಜಾಗದಲ್ಲಿಟ್ಟು ರೆಕಾರ್ಡ್ ಮಾಡಿ.

ನಮ್ಮ ಕರಾವಳಿಯಲ್ಲಿ ಜೂನ್, ಜುಲೈನ ಅಂಕಿಗಳನ್ನು ಮಾತ್ರ ಸ್ವಲ್ಪ ಅನುಮಾನದಿಂದ ನೋಡಬೇಕು. ಮರದ ಪಿಯಾನೊ ತೇವ ಹೀರಿದಾಗ ನಾದಫಲಕ ಉಬ್ಬಿ ತಂತಿಗಳನ್ನು ಬಿಗಿಯುತ್ತದೆ. ನಡುವಿನ ಸ್ವರಗಳು ತುಸು ಏರುತ್ತವೆ. ಕೀಯ ಕೆಳಗೆ ಗೂಟ ಹಾಯುವ ರಂಧ್ರದ ಬಟ್ಟೆಯೂ ಊದಿಕೊಂಡು, ಒತ್ತಿದ ಕೀ ಮೇಲೇಳಲು ಸೋಮಾರಿಯಾಗುತ್ತದೆ. ವೇಗ ಕುಸಿದದ್ದು ಕೈಯಿಂದಲೋ ಕೀಯಿಂದಲೋ ತಿಳಿಯಲು ಅದೇ ಬೆರಳಿನಿಂದ ಪಕ್ಕದ ಬಿಳಿ ಕೀಯನ್ನೂ ಹತ್ತು ಸಲ ಬೇಗ ಒತ್ತಿ ನೋಡಿ. ಅದು ಸಲೀಸಾಗಿ ಎದ್ದು ಇದು ತಡೆದರೆ, ಪುಸ್ತಕದಲ್ಲಿ ಆ ದಿನದ ಅಂಕಿಯ ಪಕ್ಕ 'ಮಳೆ' ಎಂದು ಬರೆದು ಮುಂದಿನ ಪುಟಕ್ಕೆ ಹೋಗಿ.